ಹತ್ತನೆಯ ಗಳಿಗೆ

ನಮ್ಮೂರಿನ ಬಿಸಿಲುಗಂಟಿ ನಾನು. ಬೇರೆ ಊರುಗಳಲ್ಲಿ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ನೀರುಗಂಟಿ ಇರುತ್ತಾನಲ್ಲ, ಹಾಗೆ. ನಮ್ಮಲ್ಲಿ ನೀರು ಬೇಕಾದಷ್ಟಿದೆ, ಹಂಚಿಕೊಳ್ಳಬೇಕಾದದ್ದು ಬಿಸಿಲನ್ನು. ಮೂವತ್ತು ಮನೆ, ಹಗಲಿಗೆ ಮೂವತ್ತು ಗಳಿಗೆ. ಪಾಳಿ ಬಂದ ಮನೆಯ ಅಂಗಳದಲ್ಲಿ ನಾಲ್ಕು ಗೂಟಗಳ ನಡುವೆ ಬಿಸಿಲು ಬಂದು ಇಳಿಯುತ್ತದೆ. ಮಿಕ್ಕ ಇಪ್ಪತ್ತೊಂಬತ್ತು ಮನೆಯವರು ಬೂದಿಬಣ್ಣದ ಬೆಳಕಿನಲ್ಲಿ ತಮ್ಮ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಗೂಟ ಹೊಡೆಯುವುದು, ಅಳತೆ ನೋಡುವುದು, ಜಗಳವಾದರೆ ಬಿಡಿಸುವುದು ನನ್ನ ಕೆಲಸ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಕಣ್ಣು ಮುಚ್ಚುವ ಮೊದಲು ಗೂಟ ಹೊಡೆಯುವ ಮರದ ಕೊಡತಿಯನ್ನು ನನ್ನ ಕೈಗೆ ಕೊಟ್ಟು, "ಮಂಚೀ, ಇದು ಸೂರ್ನಾರಾಯಣನ ಪ್ರಸಾದ ಕಣವ್ವ. ಬಡಿಸೋಳು ನೀನು. ಪಂಕ್ತೀಲಿ ಯಾರ ಎಲೆ ಮುಂದೂ ಕಣ್ಣು ತಪ್ಪಿಸಬ್ಯಾಡ" ಅಂದಿದ್ದ.

ಒಬ್ಬರ ಗಳಿಗೆಯಲ್ಲಿ ಇನ್ನೊಬ್ಬರು ಹೋಗಿ ನಿಂತರೆ ಪ್ರಯೋಜನವಿಲ್ಲ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಬಿಸಿಲು ಮೈಮೇಲಿಂದ ಜಾರಿಹೋಗುತ್ತದೆ. ಗಳಿಗೆಯನ್ನು ಬಿಟ್ಟುಕೊಡಬೇಕೆಂದರೆ ವರ್ಷಕ್ಕೆ ಒಂದೇ ದಿನ, ರಥಸಪ್ತಮಿ. ಅಂದು ತಲೆಯ ಮೇಲೆ ಎಕ್ಕದೆಲೆ ಇಟ್ಟುಕೊಂಡು ಮಿಂದು, ಅದರಲ್ಲೊಂದು ಎಲೆಯನ್ನು ಕೊಡುವವರು ಪಡೆಯುವವರ ಅಂಗೈಗೆ ಇಡಬೇಕು. ಇಟ್ಟ ಮೇಲೆ ಮುಂದಿನ ರಥಸಪ್ತಮಿಯವರೆಗೆ ಆ ಬಿಸಿಲು ಇಳಿಯುವುದು ಪಡೆದವರ ಗೂಟಗಳ ನಡುವೆಯೇ. ಅತ್ತರೂ ಹಿಂದಕ್ಕೆ ಬಾರದು, ಹರಕೆ ಹೊತ್ತರೂ ಬಾರದು. ಆದರೆ ಕೊಟ್ಟವರ ಮೈಯನ್ನು ಅದು ಮರೆಯುವುದಿಲ್ಲ. ಅಲ್ಲಿಗೇ ಹೋಗಿ ನಿಂತರೆ ಅವರನ್ನೂ ಬೆಚ್ಚಗೆ ಮಾಡುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನದನ್ನು ಹೇಳಬಹುದು.

ಊರಾಚೆ ಬೋಳುಗುಡ್ಡದ ಮೇಲಿನ ಹೊಲದ ಮನೆಯಲ್ಲಿ ಕಲ್ಲುಕುಟಿಗ ಗವಿರಂಗಪ್ಪ, ಅವನ ಹೆಂಡತಿ ಓಬಮ್ಮ ಇದ್ದರು. ನಮ್ಮೂರಿನ ಒರಳು, ಬೀಸೋಕಲ್ಲು, ಹೊಸ್ತಿಲು, ಗುಡಿಯ ಮುಂದಿನ ಕಂಬ, ಎಲ್ಲ ಅವನ ಉಳಿಯಿಂದ ಬಂದದ್ದು. ನಲವತ್ತು ವರ್ಷ ಕಲ್ಲಿನ ಧೂಳು ಕುಡಿದು ಅವನ ಎದೆಯೇ ಕಲ್ಲಾಗಿಹೋಗಿತ್ತು. ಘಟ್ಟದ ಕೆಳಗಿನ ಆಸ್ಪತ್ರೆಯವರು ಗಾಳಿ ಹಿಂಡಿ ಮೂಗಿಗೆ ಬಿಡುವ ಒಂದು ಮಿಷನ್ ಕೊಟ್ಟು ಕಳಿಸಿದ್ದರು. ಅದು ಹಗಲೂ ಇರುಳೂ ಓಡುತ್ತಲೇ ಇರಬೇಕು. ನಮ್ಮೂರ ಕರೆಂಟು ಅದರ ಮನಸ್ಸು ಬಂದಾಗ ಬಂದು ಹೋಗುವಂಥದ್ದು. ಗುಡ್ಡದ ಮೇಲಕ್ಕಂತೂ ಕಂಬವೇ ಹತ್ತಿರಲಿಲ್ಲ. ಹಾಗಾಗಿ ಸೋಲಾರ್ ಹಾಕಿಸುವುದು ಎಂದಾಯಿತು.

ರಥಸಪ್ತಮಿಗೆ ಹದಿನೈದು ದಿನ ಇರುವಾಗ ಅಳತೆ ನೋಡಲು ಮುನೀರ್ ಎಂಬ ಹುಡುಗ ಬಂದ. ಟೇಪು, ದಿಕ್ಸೂಚಿ, ಒಂದು ನೋಟುಪುಸ್ತಕ. ಮೊದಲ ದಿನ ಗವಿರಂಗಪ್ಪನ ಗಳಿಗೆ ಬಂದಾಗ ಗೂಟಗಳ ನಡುವೆ ನಿಂತು, "ಏನಮ್ಮ ಇದು, ಬಿಸಿಲಲ್ಲಿ ನಿಂತಿದ್ದೀನಿ, ಚಳಿ ಬಿಡ್ತಾನೇ ಇಲ್ಲ!" ಎಂದು ತೋಳು ಉಜ್ಜಿಕೊಂಡ.

ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಗವಿರಂಗಪ್ಪ ನಕ್ಕ. "ಅದು ನನ್ ಬಿಸಿಲು ಕಣಪ್ಪ. ನಿನ್ನನ್ನ ಕಂಡ್ರೆ ಅದಕ್ಕಾಗಲ್ಲ."

ಮುನೀರ್ ಲೆಕ್ಕ ಹಾಕಿ ಹೇಳಿದ. ಆರು ಪ್ಯಾನಲ್ಲು, ತೆಂಕಣಕ್ಕೆ ಮುಖ ಮಾಡಿ ಓರೆಯಾಗಿ. ದಿನಕ್ಕೆ ನಾಲ್ಕು ತಾಸು ನೇರ ಬಿಸಿಲು. ಆರನ್ನೂ ಒಂದೇ ಸರದಲ್ಲಿ ಪೋಣಿಸುವುದು, ಹಾಗಾಗಿ ಒಂದರ ಮೇಲೆ ಬಟ್ಟೆ ಬಿದ್ದರೂ ಆರೂ ಸುಮ್ಮನಾಗುತ್ತವೆ, ಒರೆಸಿ ಇಟ್ಟುಕೊಳ್ಳಬೇಕು.

"ನಾಲ್ಕು ತಾಸು ಅಂದ್ರೆ ಹತ್ತು ಗಳಿಗೆ," ಅಂದೆ ನಾನು.

"ಹತ್ತು ಮನೆ ಬಿಸಿಲು ನನ್ನೊಬ್ಬನ ಮೂಗಿಗಾ?" ಗವಿರಂಗಪ್ಪ ಕೆಮ್ಮುತ್ತಾ ಮೂಗು ಸವರಿಕೊಂಡ. "ಇದೇನು ಗುಡಿ ಗೋಪುರ ಅಂದ್ಕೊಂಡ್ಯಾ ಮಂಚಕ್ಕ?"

"ಬಾಯಿ ಮುಚ್ಕೊಂಡು ಉಸಿರಾಡು ನೀನು," ಅಂದಳು ಓಬಮ್ಮ.

ಮುನೀರ್ ಇನ್ನೊಂದು ಮಾತು ಹೇಳಿದ. ಮೋಡ ಮುಸುಕಿದರೆ, ಏನಾದರೂ ಎಡವಟ್ಟಾದರೆ ಎಂದು ಎರಡು ದಿನಕ್ಕಾಗುವಷ್ಟು ಬ್ಯಾಟರಿ ಹೆಚ್ಚಿಗೆ ಇಡುವುದು ಅವರ ಪದ್ಧತಿಯಂತೆ. ಆ ಬ್ಯಾಟರಿಗಳು ಒಂದೊಂದೂ ಕಲ್ಲುಗುಂಡಿನಷ್ಟು ಭಾರ. ಗುಡ್ಡಕ್ಕೆ ಹೊತ್ತು ಹತ್ತಿಸಬೇಕು, ಮೇಲೆ ಅವನ್ನು ತುಂಬಿಸಲು ಇನ್ನೂ ನಾಲ್ಕು ಗಳಿಗೆ ಬಿಸಿಲು ಬೇಡಬೇಕು. ನಾನು ನಕ್ಕುಬಿಟ್ಟೆ. "ನಿಮ್ಮೂರಿನ ಬಿಸಿಲಿಗೆ ಅದೆಲ್ಲ ಬೇಕೇನೋ ಕಣಪ್ಪ. ನಮ್ಮಲ್ಲಿ ಪಾಳಿ ತಪ್ಪಲ್ಲ. ನಮ್ಮ ತಾತನ ಕಾಲದಿಂದ ಒಂದು ಗಳಿಗೆ ಅತ್ತಿತ್ತ ಆದದ್ದಿಲ್ಲ."

"ಆದರೂ ಅಮ್ಮ..."

"ಬರ್ಕೋ, ಬ್ಯಾಡ ಅಂತ."

ಅವನು ಬರೆದುಕೊಂಡ. ಆ ನಗು ಈಗಲೂ ನನ್ನ ಕಿವಿಗೆ ಬೀಳುತ್ತದೆ. ಭಗವಂತನ ಬಿಸಿಲಿನ ಮೇಲೆ ನನಗಿದ್ದ ನಂಬಿಕೆ ಅದು ಎಂದು ಆಗ ಅಂದುಕೊಂಡಿದ್ದೆ. ನಂಬಿಕೆಯಲ್ಲ, ನನ್ನ ಕಸುಬಿನ ಜಂಬ.

ಆಮೇಲೆ ಓಬಮ್ಮನನ್ನು ಕರೆದುಕೊಂಡು ಮನೆಮನೆಗೆ ಹೋದೆ. ಹಗಲ ನಡುವಿನ ಗಳಿಗೆಗಳೇ ಬೇಕೆಂದು ಮುನೀರ್ ಹೇಳಿದ್ದ, ಹತ್ತನೆಯದರಿಂದ ಹತ್ತೊಂಬತ್ತನೆಯದರವರೆಗೆ. ಅದರಲ್ಲಿ ಒಂದು ಗವಿರಂಗಪ್ಪನದೇ, ಒಂದು ನನ್ನದು. ಮಿಕ್ಕ ಎಂಟು ಮನೆಯವರು ಕೊಡಬೇಕು. ಹಪ್ಪಳದ ಗಿರಿಜವ್ವ ಒಂದೇ ಮಾತಿಗೆ ಒಪ್ಪಿದಳು. "ತಗೊಂಡೋಗೇ ಓಬಿ, ನನ್ ಹಪ್ಪಳ ಏನು ಉಸಿರಾಡ್ತಾವಾ?" ಕುಂಬಾರರ ಮುದ್ದಜ್ಜ ಮಾತ್ರ ಜಗಲಿಯಿಂದ ಏಳದೆ ಗೊಣಗಿದ. "ನಾಳೆ ಹಸಿ ಮಡಕೇಲಿ ಅನ್ನ ಮಾಡ್ಕೊಂಡು ತಿನ್ನು ಹೋಗು ಮಂಚಮ್ಮ. ಎಲ್ಲಾರೂ ಪುಣ್ಯ ಕಟ್ಕೊಳಾಕೆ ನನ್ನ ಮಣ್ಣೇ ಬೇಕಾಯ್ತಾ?"

"ಮಾವ, ನಿಂಗೆ ಅರೆಯೋಕೆ ಕಲ್ಲು ಮಾಡಿಕೊಟ್ಟೋನು ಯಾರು?" ಎಂದು ಓಬಮ್ಮ ಕೇಳಿದಳು, ಬೇಡುವ ದನಿಯಲ್ಲಲ್ಲ.

ಮುದುಕ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು, "ಇನ್ನು ನಿನ್ ಗಂಡ ಸತ್ರೂ ನನ್ ತಲೆಗೇ ಕಟ್ತೀರ. ತಗೊಂಡ್ ಸಾಯ್ರಿ," ಅಂದ.

ರಥಸಪ್ತಮಿಯ ದಿನ ಒಂಬತ್ತು ಎಕ್ಕದೆಲೆ ಗವಿರಂಗಪ್ಪನ ಅಂಗೈಗೆ ಬಿದ್ದವು. ಕಡೆಯದು ನನ್ನದು, ಹತ್ತನೆಯ ಗಳಿಗೆ. ನನ್ನ ಮಗಳು ಹೊನ್ನಿ ಸಂಕ್ರಾಂತಿಗೆಂದು ಬಂದವಳು ಅಲ್ಲೇ ಇದ್ದಳು. ಅಳಿಯ ಘಟ್ಟದ ಕೆಳಗೆ ದುಡಿಮೆಗೆ ಹೋಗಿದ್ದ. "ಅವ್ವ, ನಮ್ಮನೇದ್ನೂ ಕೊಟ್ಟುಬುಟ್ಟಾ?" ಅಂದಳು.

"ಇಬ್ಬರು ಹೆಂಗಸ್ರು. ಒಂದು ವರ್ಷ ಬಿಸಿಲು ಕಾಣದಿದ್ರೆ ನಾವೇನು ಬೂಷ್ಟು ಹಿಡಿತೀವೇನೇ?"

ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ತಿಂಗಳು ನಿಂತಿದ್ದನ್ನು ಹೇಳಲು ಅವಳಿಗಿನ್ನೂ ನಾಚಿಕೆ. ನನಗೆ ಕೇಳಲು ತೋಚಲಿಲ್ಲ. ಊರೆಲ್ಲ ನನ್ನನ್ನು ಹೊಗಳುತ್ತಿತ್ತು.

ಗೂಟಗಳನ್ನು ನಾನೇ ಹೊಡೆದೆ. ಪ್ಯಾನಲ್ಲುಗಳ ಅಂಚಿಗೆ ಸರಿಯಾಗಿ, ಒಂದು ಗೇಣು ಬಿಸಿಲೂ ಮಣ್ಣಿನ ಮೇಲೆ ಬಿದ್ದು ಪೋಲಾಗಬಾರದೆಂದು. ಮುನೀರ್ ನೋಡಿ, ಇಷ್ಟು ಅಚ್ಚುಕಟ್ಟು ತಾನೆಲ್ಲೂ ಕಂಡಿಲ್ಲ ಎಂದ. ಮಿಷನ್ ಓಡತೊಡಗಿತು. ಮಗ್ಗುಲಾದರೆ ಉಸಿರು ಕಟ್ಟುತ್ತಿದ್ದ ಮನುಷ್ಯ ಎರಡು ವರ್ಷದ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದ. ಓಬಮ್ಮ ನನಗೆ ಅದನ್ನು ಹೇಳುವಾಗ ಬಾಯಿಗೆ ಸೆರಗು ಹಿಡಿದು ಅತ್ತಳು.

ಆಶ್ವೀಜದ ಕಡೆಯಲ್ಲಿ ಹೊನ್ನಿ ಹೆತ್ತಳು. ಗಂಡು. ಮೂರನೆಯ ದಿನ ಕೂಸಿನ ಕಣ್ಣಿನ ಬಿಳಿ ಅರಿಸಿನವಾಯಿತು, ನಾಲ್ಕನೆಯ ದಿನ ಎದೆ, ಹೊಟ್ಟೆ. ಮೊಲೆ ಬಾಯಿಗಿಟ್ಟರೂ ಚೀಪದೆ ನಿದ್ದೆಗೆ ಜಾರುತ್ತಿತ್ತು. ಸೂಲಗಿತ್ತಿ ಚೌಡವ್ವ ಅದರ ಅಂಗಾಲು ಒತ್ತಿ, ಬೆರಳು ತೆಗೆದು, ಅಲ್ಲಿ ಉಳಿದ ಬಣ್ಣ ನೋಡಿ ನನ್ನನ್ನು ಹೊರಗೆ ಕರೆದಳು. "ಕೆಳಗಿನ ಆಸ್ಪತ್ರೇಲಿ ಇದಕ್ಕೆ ನೀಲಿ ದೀಪ ಐತಂತೆ. ಘಟ್ಟದ ದಾರಿ ಕುಸಿದದೆ, ಹೊತ್ಕೊಂಡ್ ನಡೆದ್ರೆ ಎರಡು ದಿನ. ಈ ಕೂಸು ಎರಡು ದಿನ ತಡಿಯಾಕಿಲ್ಲ. ಬೆಳಗಿನ ಬಿಸಿಲಿಗೆ ಮಲಗ್ಸಬೇಕು ಮಂಚಕ್ಕ, ಬತ್ತಲೆ ಮೈಗೆ, ದಿನಾ. ನಮ್ಮ ತಾಯಂದ್ರು ಹಂಗೇ ಉಳಿಸ್ಕತಿದ್ರು. ನಿಮ್ಮನೆ ಗಳಿಗೆ ಯಾವ್ದು?"

ಕೇಳಿದ ಮೇಲೆ ಅವಳಿಗೇ ನೆನಪಾಯಿತು. ಕೈಯನ್ನು ಬಾಯಿಗೆ ಹಿಡಿದಳು.

ನಮ್ಮ ಬಿಸಿಲು ಬೀಳುವುದು ಒಂದೇ ಜಾಗದಲ್ಲಿ, ಆ ಗಾಜಿನ ಮೇಲೆ. ಪಕ್ಕದ ನೆಲಕ್ಕೆ ಒಂದು ಅಂಗೈಯಗಲವೂ ಬೀಳದ ಹಾಗೆ ನಾನೇ ಗೂಟ ಹೊಡೆದಿದ್ದೆ. ಒಮ್ಮೆ ಹೊಡೆದ ಗೂಟವನ್ನು ಮುಂದಿನ ರಥಸಪ್ತಮಿಯವರೆಗೆ ಕದಲಿಸುವಂತಿಲ್ಲ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಗುಡ್ಡ ಹತ್ತಿದೆ. ಹೊನ್ನಿ ನನ್ನ ಹಿಂದೆ ಗೋಡೆ, ಮರ, ಬೇಲಿ ಹಿಡಿದು ಹಿಡಿದು ಬಂದಳು.

ಓಬಮ್ಮ ಕೂಸಿನ ಮುಖ ನೋಡಿದವಳೇ, "ಅಯ್ಯೋ ನನ್ನಪ್ಪ, ಒಂದು ಗಳಿಗೆ ತಾನೇ, ಮಲಗ್ಸು ಮಲಗ್ಸು," ಎಂದು ತಾನೇ ಪ್ಯಾನಲ್ಲಿನ ಕೆಳ ಅಂಚಿಗೆ, ಗಾಜು ಸುಡದಿರಲೆಂದು, ಒದ್ದೆ ಬಟ್ಟೆ ಹಾಸಿದಳು. ಹೊನ್ನಿ ಜಾರದ ಹಾಗೆ ಕೂಸಿನ ಪಾದ ಹಿಡಿದು ನಿಂತಳು. ಬಿಸಿಲು ಇಳಿಯಿತು. ಕೂಸಿನ ಮೈಮೇಲೆ ನಿಂತಿತು, ಜಾರಲಿಲ್ಲ. ಬ್ಯಾಟರಿಯ ಪೆಟ್ಟಿಗೆಯ ಹಸಿರು ದೀಪ ಆರಿತು. ನಾನು ಕಂಡೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು, ಅಷ್ಟೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪಾಲು ಹಂಚುವವಳ ಲೆಕ್ಕ ಅದು. ನಮ್ಮಲ್ಲಿ ಕೊರತೆ ಬಂದರೆ ಎಲ್ಲರ ಎಲೆಗೂ ಒಂದೊಂದು ತುತ್ತು ಕಡಿಮೆ ಬೀಳುತ್ತದೆ, ಯಾರೂ ಉಪವಾಸ ಇರುವುದಿಲ್ಲ. ಗವಿರಂಗಪ್ಪನಿಗೂ ದಿನವಿಡೀ ಗಾಳಿ ಒಂದು ಚೂರು ತೆಳುವಾದೀತು, ಅಷ್ಟೇ ಎಂದುಕೊಂಡೆ.

ಮಿಷನ್ನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದು ಪೂರ್ತಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಮೂರನೆಯ ಮನೆಯ ಪಾಳಿ ಮುಗಿದು ನಾಲ್ಕನೆಯ ಮನೆಗೆ ಬಿಸಿಲು ಇಳಿಯುವ ಹೊತ್ತಿಗೆ ನಿಂತುಹೋಯಿತು. ಹತ್ತನೆಯ ಗಳಿಗೆ ಬರಲು ಇನ್ನೂ ಆರು ಗಳಿಗೆ ಇತ್ತು.

ನಾವು ಕೂಸನ್ನು ಎತ್ತಿಕೊಂಡು ಹೋದಾಗ ಗವಿರಂಗಪ್ಪನ ಉಸಿರು ಬಾಗಿಲಾಚೆಗೇ ಕೇಳುತ್ತಿತ್ತು, ಒಣಗಿದ ಹಲಗೆಯ ಮೇಲೆ ಗರಗಸ ಎಳೆದ ಹಾಗೆ. ತುಟಿ ನೇರಳೆಯಾಗಿತ್ತು. ಓಬಮ್ಮ ಬೀಸಣಿಗೆ ಬಿಸಾಕಿ ಬಂದು ಪ್ಯಾನಲ್ಲುಗಳ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

"ಇವತ್ತು ಬ್ಯಾಡ ಮಂಚಕ್ಕ. ನಿನ್ ಕಾಲು ಹಿಡಿತೀನಿ. ನಾ ನಿನ್ನೆ ತಿಳೀದಲೆ ಹೂಂ ಅಂದೆ."

"ಓಬಿ, ಕೂಸು ರಾತ್ರಿಯಿಂದ ಹಾಲು ಕುಡಿದಿಲ್ಲ."

"ನಂಗೊತ್ತು! ನಂಗೆ ಕಣ್ಣಿಲ್ವಾ? ನಂದು ಕಲ್ಲೆದೆ ಅಂತ ಅಂದ್ಕೊಂಡಿದ್ಯಾ? ಒಳಗೆ ಹೋಗಿ ಅವನ ಮುಖ ನೋಡ್ಬಾ, ನೋಡ್ಬಂದು ಆಮೇಲೆ ಕೇಳು."

ಹೊನ್ನಿ ಕೂಸನ್ನು ಓಬಮ್ಮನ ಮುಖದ ಎದುರಿಗೆ ಎತ್ತಿ ಹಿಡಿದಳು, ಅಷ್ಟೇ. ಅದರ ತಲೆ ಒಂದು ಕಡೆಗೆ ವಾಲಿತು. ಹತ್ತನೆಯ ಗಳಿಗೆ ಬಂದು ಗಾಜಿನ ಮೇಲೆ ಇಳಿಯಿತು. ಪೆಟ್ಟಿಗೆಯ ದೀಪ ಹಸಿರಾಯಿತು. ಒಳಗೆ ಮಿಷನ್ ಗುಟುರು ಹಾಕಿ ಏಳಲು ನೋಡಿತು. ಮೂವರು ಹೆಂಗಸರೂ ಆ ಸದ್ದನ್ನು ಕೇಳುತ್ತಾ ನಿಂತೆವು. ಭಗವಂತನ ಮುಂದೆ ನಿಂತು ಹೇಳುತ್ತೇನೆ, ಆ ಹೊತ್ತು ಅವಳನ್ನು ಪಕ್ಕಕ್ಕೆ ತಳ್ಳಲು ನನ್ನ ಕೈ ಮೇಲೆದ್ದಿತ್ತು.

"ಓಬಿ." ಒಳಗಿಂದ ಕರೆದ ಗವಿರಂಗಪ್ಪ. ಒಂದೊಂದು ಮಾತಿಗೂ ನಿಂತು ನಿಂತು. "ದಾರಿ... ಬುಡು."

"ನೀನು ಸುಮ್ನಿರು!"

"ನೀರೊಳಗೆ ಮುಳುಗಿ... ಬಾವಿಗೆ ಕಲ್ಲು ಕಟ್ಟಿದೋನು ನಾನು... ಉಸಿರು ಹಿಡಿಯೋದು... ನಂಗೇನು ಹೊಸದಾ? ಮಲಗ್ಸೋಕೆ ಬುಡು."

ಓಬಮ್ಮನ ಕೈ ಇಳಿಯಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊನ್ನಿ ಕೂಸನ್ನು ಮಲಗಿಸಿದಳು, ಮಿಷನ್ ನಿಂತಿತು. ಆ ಒಂದು ಗಳಿಗೆ ಉದ್ದಕ್ಕೂ ಬಾಗಿಲಿನಾಚೆಯ ಗರಗಸದ ಸದ್ದು ಕೇಳುತ್ತಾ, ಕೂಸಿನ ಹೊಟ್ಟೆಯ ಮೇಲಿನ ಬಿಸಿಲು ನೋಡುತ್ತಾ ನಾನು ಸೂರ್ನಾರಾಯಣನ ಹೆಸರು ಹೇಳಿದೆ. ಬೇಗ ಹೋಗಪ್ಪ ಎಂದು ಬೇಡಿದೆ, ಇನ್ನೂ ಸ್ವಲ್ಪ ನಿಲ್ಲಪ್ಪ ಎಂದೂ ಬೇಡಿದೆ.

ಮುನೀರನಿಗೆ ಹೇಳಿಕಳಿಸಿದೆವು. ಬ್ಯಾಟರಿ ಹೊತ್ತುಕೊಂಡು, ಕುಸಿದ ದಾರಿ ಹತ್ತಿ ಬರಲು ಅವನಿಗೆ ಎಂಟು ದಿನವಾದರೂ ಬೇಕೆಂದು ಉತ್ತರ ಬಂತು. ಮುದ್ದಜ್ಜ ತನ್ನ ಗಳಿಗೆಯಲ್ಲಿ ಗುಡ್ಡ ಹತ್ತಿ ಬಂದು, ಪ್ಯಾನಲ್ಲಿನ ಮುಂದೆ ಕಂಚಿನ ತಟ್ಟೆ ಹಿಡಿದು ಬಿಸಿಲನ್ನು ತಿರುಗಿಸಲು ನೋಡಿದ, ಏನಾದರೂ ಹೆಚ್ಚು ಬೀಳುತ್ತದೇನೋ ಎಂದು. ಬೀಳಲಿಲ್ಲ. "ಹಾಳು ಪಾಳಿ," ಎಂದು ನನ್ನ ಮುಖಕ್ಕೆ ಹೇಳಿ ಇಳಿದುಹೋದ. ಊರಿನಲ್ಲಿ ಯಾರೂ ನನ್ನ ಮುಂದೆ ಹಾಗೆ ಅಂದಿರಲಿಲ್ಲ.

ಹೀಗೆ ಒಟ್ಟು ಆರು ಬೆಳಿಗ್ಗೆ ಹೋದೆವು. ದಿನದಿಂದ ದಿನಕ್ಕೆ ಗವಿರಂಗಪ್ಪನ ಮಾತು ಕಡಿಮೆಯಾಯಿತು. ಐದನೆಯ ಬೆಳಿಗ್ಗೆ ಕೂಸು ಬಿಸಿಲಲ್ಲಿ ಮಲಗಿದ್ದಾಗ ಮುಖ ಸಿಂಡರಿಸಿ, ಓಬಮ್ಮ ಹಾಸಿದ ಬಟ್ಟೆಯ ಮೇಲೆ ಉಚ್ಚೆ ಹೊಯ್ಯಿತು. ಹೊನ್ನಿ ಹೆತ್ತ ಮೇಲೆ ಮೊದಲ ಸಲ ನಕ್ಕಳು. ನಕ್ಕವಳೇ ಬಾಗಿಲ ಕಡೆ ನೋಡಿ ನಗು ನುಂಗಿಕೊಂಡಳು. ಅಂದು ಸಂಜೆ ಕೂಸು ಎರಡು ಸಲ ಹಾಲು ಕುಡಿಯಿತು. ಮುಖದ ಅರಿಸಿನ ಇಳಿದಿತ್ತು, ಹೊಟ್ಟೆಯದು ಉಳಿದಿತ್ತು. "ಇನ್ನು ಎರಡು ಮೂರು ದಿನ ಬಿಡಬ್ಯಾಡಿ, ಬಿಟ್ರೆ ತಿರುಗಿ ಏರ್ತದೆ," ಅಂದಳು ಚೌಡವ್ವ.

ಆರನೆಯ ಬೆಳಿಗ್ಗೆ ನಾವು ಗುಡ್ಡ ಹತ್ತುವಾಗ ಯಾವ ಸದ್ದೂ ಕೇಳಲಿಲ್ಲ. ಮಿಷನ್ನಿನದೂ ಇಲ್ಲ, ಗರಗಸದ್ದೂ ಇಲ್ಲ. ಬಾಗಿಲು ತೆರೆದಿತ್ತು. ಓಬಮ್ಮ ಮಂಚದ ಕೆಳಗೆ ಕೂತು ಗವಿರಂಗಪ್ಪನ ಕೈಯನ್ನು, ಉಳಿ ಹಿಡಿದು ಹಿಡಿದು ಸೊಟ್ಟಗಾದ ಆ ಬೆರಳುಗಳನ್ನು, ಒಂದೊಂದಾಗಿ ನೀವಿ ನೇರ ಮಾಡುತ್ತಿದ್ದಳು. ಎಂಟನೆಯ ಗಳಿಗೆಯಲ್ಲಿ ಹೋಯಿತಂತೆ ಜೀವ. ಹತ್ತನೆಯದಕ್ಕೆ ಇನ್ನೂ ಎರಡು ಬಾಕಿ ಇರುವಾಗ.

ಅಂದು ಕೂಸನ್ನು ಬಿಸಿಲಿಗೆ ಮಲಗಿಸಲಿಲ್ಲ. ಖಾಲಿ ಮಿಷನ್ನಿಗೆ ಹತ್ತೂ ಗಳಿಗೆ ತುಂಬಿ ಬಿತ್ತು. ಅದು ಮೂಲೆಯಲ್ಲಿ ಯಾರಿಗೂ ಬೇಡದ ಗಾಳಿ ಹಿಂಡುತ್ತಾ ಓಡುತ್ತಿತ್ತು. ಕೊನೆಗೆ ಯಾರೋ ಅದರ ಗುಂಡಿ ಒತ್ತಿ ನಿಲ್ಲಿಸಿದರು. ಅವನೇ ಒಡೆದಿಟ್ಟಿದ್ದ ಚಪ್ಪಡಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ನಾನು ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿಯುವಾಗ ಓಬಮ್ಮ ನನ್ನನ್ನು ನೋಡಲಿಲ್ಲ, ನೋಡದೇ ಇರಲಿಲ್ಲ. ಅಲ್ಲಿ ಒಂದು ಕಂಬ ನಿಂತಿದೆ ಎನ್ನುವ ಹಾಗೆ ಕಣ್ಣು ದಾಟಿಸಿದಳು.

ಮರುದಿನ ಬೆಳಿಗ್ಗೆ ಹೊನ್ನಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೂತಿದ್ದಳು. ಹೋಗೋಣ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸೂತಕದ ಮನೆಯ ಅಂಗಳಕ್ಕೆ ಯಾವ ಮುಖ ಹೊತ್ತು ಹೋಗುವುದು? ಕೂಸಿನ ಕಣ್ಣಂಚಿನಲ್ಲಿ ಮತ್ತೆ ಅರಿಸಿನ ಕಂಡಂತೆ ನನಗನ್ನಿಸಿತು. ನಿಜವಾಗಿ ಇತ್ತೋ, ಬೂದಿ ಬೆಳಕಿಗೆ ಹಾಗೆ ಕಂಡಿತೋ. ಆರನೆಯ ಮನೆಗೆ ಪಾಳಿ ಹೋಯಿತು, ಏಳನೆಯದಕ್ಕೆ ಹೋಯಿತು. ಎಂಟನೆಯದು ಮುಗಿಯುತ್ತಾ ಬಂದಾಗ ಬಾಗಿಲಲ್ಲಿ ನೆರಳಾಡಿತು.

ಓಬಮ್ಮ. ತಲೆಗೂದಲು ಇನ್ನೂ ಬಿಚ್ಚಿಯೇ ಇತ್ತು. ಹೊಸ್ತಿಲು ದಾಟಲಿಲ್ಲ.

"ಹೊತ್ತಾಯ್ತು," ಅಂದಳು ಹೊನ್ನಿಗೆ. "ಕೊಡು ಇಲ್ಲಿ. ನಿನ್ ಕೈಲಿ ಗುಡ್ಡ ಹತ್ತೋಕಾಗಲ್ಲ, ನಿಧಾನಕ್ಕೆ ಹಿಂದಿಂದ ಬಾ."

ಹೊನ್ನಿ ಎದ್ದು ಕೂಸನ್ನು ಅವಳ ಕೈಗಿಟ್ಟಳು. ಓಬಮ್ಮ ಅದನ್ನು ಎದೆಗೊತ್ತಿಕೊಂಡು ತಲೆಯ ಮೇಲೆ ಸೆರಗು ಮುಚ್ಚಿದಳು. ನಾನು ಗೋಡೆ ಹಿಡಿದು ಎದ್ದೆ.

"ಓಬಿ..."

"ನೀ ಬರಬ್ಯಾಡ ಮಂಚಮ್ಮ," ಅಂದಳು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಅಕ್ಕ ಎಂದಿದ್ದವಳು. "ಇವತ್ತೂ ಬರಬ್ಯಾಡ, ನಾಳೇನೂ ಬರಬ್ಯಾಡ."

ಅವರು ಹೋದರು. ಬಾಗಿಲಲ್ಲಿ ನಿಂತು ನೋಡಿದೆ. ಓಬಮ್ಮ ಬಿರಬಿರನೆ ನಡೆಯುತ್ತಿದ್ದಳು, ಹೊನ್ನಿ ಬೇಲಿ ಹಿಡಿದುಕೊಂಡು ಹಿಂದೆ. ಗುಡ್ಡದ ಬುಡಕ್ಕೆ ಹೋಗುವಷ್ಟರಲ್ಲಿ ಕೂಸಿಗೆ ಹಸಿವಾಗಿರಬೇಕು, ಅಳತೊಡಗಿತು. ಗಟ್ಟಿಯಾಗಿ, ಸಿಟ್ಟಿನಿಂದ, ಎದೆ ತುಂಬ ಗಾಳಿ ಎಳೆದುಕೊಂಡು ಅಳುವ ಅಳು. ವಾರದ ಹಿಂದೆ ಅದಕ್ಕೆ ಅಷ್ಟು ದನಿ ಇರಲಿಲ್ಲ. ಅದು ಮೇಲೆ ಮೇಲೆ ಹತ್ತಿಹೋಗುವುದನ್ನು ಕೇಳುತ್ತಾ, ಹೊಸ್ತಿಲ ಒಳಗೇ ನಿಂತಿದ್ದೆ.